ಜೋಡಿ ಪದಗಳ ಚಿಕ್ಕಪ್ಪ

ಆಂಧ್ರದ ಗಡಿಯ ನಮ್ಮ ಕಲ್ಯಾಣದುರ್ಗದಲ್ಲಿ ಬೋರ್ಡು ಬರೆಯುವವರಿಗೆ ಇರುವುದು ಒಂದೇ ಒಂದು ಭಯ. ಅದು ಬಿಸಿಲಲ್ಲ, ಏಣಿ ಜಾರುವುದಲ್ಲ, ಕೆಲಸ ಮುಗಿದ ಮೇಲೆ ದುಡ್ಡಿಗೆ ನಾಳೆ ಬಾ ಎನ್ನುವ ಗಿರಾಕಿಯೂ ಅಲ್ಲ. ನಮ್ಮ ಚಿಕ್ಕಪ್ಪ! ದೂರದಲ್ಲಿ ಅವರ ಬಿಳಿ ಪಂಚೆ ಕಂಡರೆ ಸಾಕು, ಬರೆಯುತ್ತಿದ್ದ ಅಕ್ಷರವನ್ನು ಅರ್ಧಕ್ಕೇ ಬಿಟ್ಟು, ಬಣ್ಣದ ಡಬ್ಬಿ ಎತ್ತಿಕೊಂಡು ಟೀ ಅಂಗಡಿಯ ಹಿಂದೆ ಅವಿತುಕೊಳ್ಳುತ್ತಾರೆ. ಬಸ್ ಸ್ಟ್ಯಾಂಡಿನ ಎದುರಿನ ಒಂದು ಅಂಗಡಿ ಇವತ್ತಿಗೂ ಅರ್ಧ ಹೆಸರಿನಲ್ಲೇ ವ್ಯಾಪಾರ ಮಾಡುತ್ತಿದೆ. ಈಗ ಎಲ್ಲೆಲ್ಲೂ ಫ್ಲೆಕ್ಸ್ ಬಂದಿದೆ, ಇನ್ನಾದರೂ ಊರು ಬದುಕಿಕೊಂಡಿತು ಅಂದುಕೊಂಡಿರಾ? ಇಲ್ಲ. ಚಿಕ್ಕಪ್ಪ ಈಗ ಫ್ಲೆಕ್ಸ್ ಅಂಗಡಿಗೇ ಹೋಗಿ ಕಂಪ್ಯೂಟರಿನವನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅವನು ಕೆಲಸ ಬಿಟ್ಟು ಹೋಗುತ್ತೇನೆಂದು ಮಾಲೀಕನಿಗೆ ಹೇಳಿದ್ದಾನಂತೆ.

ಅಷ್ಟಕ್ಕೂ ಅವರ ತಕರಾರೇನು? ಇಂಗ್ಲಿಷಿನಲ್ಲಿ ಕಿವಿಗೆ ಒಂದೇ ಥರ ಕೇಳಿಸಿ, ಬರೆಯುವಾಗ ಬೇರೆಯಾಗಿ, ಅರ್ಥದಲ್ಲೂ ಬೇರೆಯಾಗುವ ಪದಗಳಿವೆಯಲ್ಲ, ಅವು. ತೂಕದ ವೇಟ್ ಬೇರೆ, ಕಾಯುವ ವೇಟ್ ಬೇರೆ. ಸೂರ್ಯನ ಸನ್ ಬೇರೆ, ಮಗನ ಸನ್ ಬೇರೆ. ಇವುಗಳಿಗೆ ಚಿಕ್ಕಪ್ಪ ಇಟ್ಟಿರುವ ಹೆಸರು ‘ಜೋಡಿಗಳು’. ನಮ್ಮ ಕಡೆ ನಾವೆಲ್ಲ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆಫೀಸಿನಲ್ಲಿ ಎರಡೂ ಬೆರೆಸಿದ ಇಂಗ್ಲಿಷು ಆಡಿಕೊಂಡು ಹೇಗೋ ಸುಖವಾಗಿದ್ದೇವೆ. ವೇಟ್ ಎಂದರೆ ಕಾಯಬೇಕೋ ತೂಗಬೇಕೋ ಎಂದು ಇಷ್ಟು ವರ್ಷದಲ್ಲಿ ಯಾರೂ ಗಲಿಬಿಲಿಗೊಂಡು ನಿಂತದ್ದನ್ನು ನಾನಂತೂ ಕಂಡಿಲ್ಲ. ಆದರೆ ಚಿಕ್ಕಪ್ಪನಿಗೆ ರಾತ್ರಿ ನಿದ್ದೆ ಬರಬೇಕಲ್ಲ!

ಹಾಗೆಂದು ಅವರೇನು ಇಂಗ್ಲಿಷ್ ಪಂಡಿತರೇ? ಎಲ್ಲಿ ಬಂತು! ತೆಲುಗು ಮೀಡಿಯಮ್ಮಿನಲ್ಲಿ ಹತ್ತನೇ ಕ್ಲಾಸು, ಅದೂ ಇಂಗ್ಲಿಷಿನಲ್ಲಿ ಡುಮ್ಕಿ. ಅವರ ಕಸುಬು ಕಡಲೆಕಾಯಿ ದಲ್ಲಾಳಿತನ. ರೈತರು ತಂದ ಮೂಟೆಯೊಳಗೆ ಮೊಣಕೈವರೆಗೂ ಕೈ ತೂರಿಸಿ, ತಳದಿಂದ ಒಂದು ಕಾಯಿ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ‘ಗಟ್ಟಿ’ ಅಂದರೆ ಗಟ್ಟಿ, ‘ಜೊಳ್ಳು’ ಅಂದರೆ ಜೊಳ್ಳು. ಒಡೆದು ನೋಡುವ ಮಾತೇ ಇಲ್ಲ. ಮಂಡಿಯಲ್ಲಿ ಅವರ ಕಿವಿಗೆ ಎದುರಿರಲಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ವಯಸ್ಸಾಗಿ ಮಂಡಿ ಬಿಟ್ಟ ಮೇಲೆ ಅಲ್ಲಾಡಿಸಲು ಕಾಯಿ ಸಿಗಬೇಕಲ್ಲ? ಅನಂತಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಮಹಾನುಭಾವ ಇಂಥ ಪದಗಳದೇ ಒಂದು ಪುಸ್ತಕವನ್ನು ಅವರ ತಲೆಗೆ ಕಟ್ಟಿದ. ಆ ಪುಣ್ಯಾತ್ಮ ಎಲ್ಲಾದರೂ ಸಿಕ್ಕರೆ ದಯವಿಟ್ಟು ನನಗೆ ತಿಳಿಸಿ, ಒಂದೆರಡು ಮಾತು ಆಡುವುದಿದೆ.

“ನೋಡಮ್ಮಾ, ಎಲ್ಡು ಕಾಯಿ ನೋಡಾಕೆ ಒಂದೇ ಥರ ಇರ್ತಾವೆ. ಅಲ್ಲಾಡ್ಸಿದ್ರೆ ಒಂದ್ರಾಗೆ ಬೀಜ, ಇನ್ನೊಂದ್ರಾಗೆ ಹುಳ. ಇಂಗ್ಲೀಸೂ ಅಂಗೇ ಕಣಮ್ಮ” ಎಂದು ನನಗೇ ಉಪದೇಶ ಮಾಡಿದ್ದರು. ಇಂಗ್ಲಿಷ್ ಎನ್ನಲು ನಾಲಿಗೆ ಹೊರಳದವರು ಊರಿನ ಇಂಗ್ಲಿಷ್ ತಿದ್ದಲು ಹೊರಟಿದ್ದರು!

ನನ್ನದು ಹಿಂದೂಪುರದಲ್ಲಿ ರವಿಕೆ ಹೊಲಿಯುವ ಅಂಗಡಿ. ಶುರು ಮಾಡಿದ ದಿನ ಪೂಜೆಗೆಂದು ಚಿಕ್ಕಪ್ಪ ಚಿಕ್ಕಮ್ಮ ಎರಡು ಬಸ್ಸು ಬದಲಾಯಿಸಿ ಕಲ್ಯಾಣದುರ್ಗದಿಂದ ಬಂದರು. ಚಿಕ್ಕಮ್ಮ ಒಳಗೆ ಬಂದು ನನ್ನ ಹೊಸ ಮಿಷನ್ನಿಗೆ ಕುಂಕುಮ ಹಚ್ಚಿದಳು. ಚಿಕ್ಕಪ್ಪ ಒಳಗೇ ಬರಲಿಲ್ಲ. ಹೊರಗೆ ಬೋರ್ಡಿನ ಕೆಳಗೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಹಳೆಯ ಬಟ್ಟೆ ಆಲ್ಟರ್ ಮಾಡಿಕೊಡುತ್ತೇವೆ ಎಂದು ಇಂಗ್ಲಿಷಿನಲ್ಲಿ ಬರೆಸಿದ್ದೆ. ಬರೆದವನು ಒಂದು ಅಕ್ಷರ ಆಚೀಚೆ ಮಾಡಿದ್ದನಂತೆ. ಹಾಗೆ ಬರೆದರೆ ಚರ್ಚಿನಲ್ಲಿ ಪೂಜೆ ಮಾಡುವ ಪೀಠ ಎಂದು ಅರ್ಥವಂತೆ.

“ನೀನು ಇಲ್ಲಿ ರವಿಕೆ ಹೊಲೀತೀಯೋ, ಚರ್ಚು ಇಕ್ಕಿದ್ದೀಯೋ?” ಎಂದರು, ಬಂದ ನೆಂಟರೆಲ್ಲರ ಎದುರಿಗೆ.

“ಚಿಕ್ಕಪ್ಪಾ, ಬಟ್ಟೆ ತರೋರು ಬೋರ್ಡು ಓದಾಕೆ ಬರಲ್ಲ, ರವಿಕೆ ಹೊಲಿಸ್ಕಣಾಕೆ ಬತ್ತಾರೆ” ಎಂದೆ.

“ಓದಿದೋರು ಬಂದ್ರೆ?”

“ಓದಿದೋರೂ ರವಿಕೆ ಹಾಕ್ಕೊತಾರೆ!”

ಅವರು ಕೇಳಬೇಕಲ್ಲ? ಜೇಬಿನಿಂದ ಸೀಮೆಸುಣ್ಣ ತೆಗೆದು, ಪಕ್ಕದ ಪಂಚರ್ ಅಂಗಡಿಯವನ ಸ್ಟೂಲು ಎಳೆದುಕೊಂಡು ಹತ್ತಿ, ಆ ಅಕ್ಷರದ ಮೇಲೆ ದಪ್ಪನೆಯ ಅಡ್ಡಗೆರೆ ಎಳೆದರು. ಸ್ಟೂಲಿನ ಕಾಲು ಮುರಿಯಿತು. ಚಿಕ್ಕಪ್ಪ ಮೊದಲ ಗಿರಾಕಿಯ ಮೇಲೆ ಬಿದ್ದರು. ಆಯಮ್ಮ ಮತ್ತೆ ನನ್ನ ಅಂಗಡಿಯ ಕಡೆ ತಲೆ ಹಾಕಿಲ್ಲ. ಸ್ಟೂಲಿನ ದುಡ್ಡನ್ನು ನಾನೇ ತೆತ್ತೆ.

ಇನ್ನು ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನ ಕಥೆ ಕೇಳಿ. ಪರಿಗಿಯಲ್ಲಿರುವ ನಮ್ಮ ಸೋದರತ್ತೆಯ ಮಗ ಒಂದು ದಿನ, ಭಾನುವಾರ ಎಲ್ಲರೂ ನಮ್ಮ ಮನೆಯಲ್ಲಿ ಮೀಟ್ ಮಾಡೋಣ ಎಂದು ಇಂಗ್ಲಿಷಿನಲ್ಲಿ ಹಾಕಿದ. ಪಾಪ, ಭೇಟಿಯ ಮೀಟ್ ಬರೆಯುವ ಬದಲು ಮಾಂಸದ ಮೀಟ್ ಬರೆದುಬಿಟ್ಟಿದ್ದ. ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಚಿಕ್ಕಪ್ಪನ ಧ್ವನಿ ಸಂದೇಶ ಬಂತು. “ಲಿಂಗ ಕಟ್ಟಿದ ಮನೇಲಿ ಭಾನುವಾರ ಮಾಂಸವಂತೆ! ನಿಮ್ಮಜ್ಜ ಕೇಳಿದ್ದಿದ್ರೆ ಏನಾಗಿರೋನು?” ಅದನ್ನು ಕೇಳಿಸಿಕೊಂಡ ಅವನ ಮಾವನ ಮನೆಯವರು ನಿಜಕ್ಕೂ ಮಾಂಸವೇ ಎಂದು ಗಾಬರಿಯಾಗಿ ಫೋನು ಮಾಡಿದರು. ಆ ಹುಡುಗ ಗ್ರೂಪು ಬಿಟ್ಟ. ಅವನ ಹಿಂದೆ ಅವನ ತಂಗಿ ಬಿಟ್ಟಳು. ಆಮೇಲೆ ಹುಟ್ಟುಹಬ್ಬದ ಶುಭಾಶಯ ಹಾಕಿದವರು, ಸತ್ತವರಿಗೆ ಸಂತಾಪ ಹಾಕಿದವರು, ಬೆಳಗಿನ ಹೂವಿನ ಚಿತ್ರ ಹಾಕಿದವರು, ಒಬ್ಬೊಬ್ಬರಾಗಿ ಎಲ್ಲರೂ ತಿದ್ದಿಸಿಕೊಂಡು ಹೊರನಡೆದರು. ಈಗ ಆ ಗ್ರೂಪಿನಲ್ಲಿ ಉಳಿದಿರುವವರು ಚಿಕ್ಕಪ್ಪ ಒಬ್ಬರೇ. ಅಲ್ಲಿ ಒಂದೇ ಒಂದು ತಪ್ಪೂ ಇಲ್ಲ.

ಇದನ್ನೂ ಸಹಿಸಬಹುದು. ಜೀಪಿನ ಪ್ರಸಂಗವನ್ನು ಮಾತ್ರ ನಾನು ಈ ಜನ್ಮದಲ್ಲಿ ಮರೆಯಲಾರೆ. ಕಲ್ಯಾಣದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ನೆಂಟರ ಮನೆಯ ಗೃಹಪ್ರವೇಶ. ನಾನು, ಚಿಕ್ಕಮ್ಮ, ಚಿಕ್ಕಪ್ಪ ಮೂವರೂ ಹೊರಟೆವು. ನಮ್ಮ ಕಡೆಯ ಜೀಪುಗಳು ನಿಮಗೆ ಗೊತ್ತಲ್ಲ, ಒಳಗೆ ತುಂಬಿ, ಹಿಂದೆ ನೇತಾಡಿ, ಮೇಲೂ ಕೂತ ಮೇಲೆಯೇ ‘ಇನ್ನೂ ಇಬ್ಬರು ಹಿಡೀತಾರೆ’ ಎನ್ನುವ ಜೀಪು. ಅಂಥದರಲ್ಲಿ ನಾನೂ ಚಿಕ್ಕಮ್ಮನೂ ಹೇಗೋ ಒಂದು ಮೂಲೆ ಹಿಡಿದೆವು. ಚಿಕ್ಕಪ್ಪ ಕೆಳಗೇ ನಿಂತಿದ್ದರು. ಜೀಪಿನ ಹಿಂದೆ ದೂರ ಇರಿ, ಬ್ರೇಕ್ ಹಾಕುತ್ತೇವೆ ಎಂಬರ್ಥದ ಇಂಗ್ಲಿಷ್ ಬರಹವಿತ್ತು. ಅದರಲ್ಲಿದ್ದ ಬ್ರೇಕ್ ಕಾಲಲ್ಲಿ ಒತ್ತುವ ಬ್ರೇಕ್ ಅಲ್ಲವಂತೆ, ಮುರಿದುಹೋಗುವ ಬ್ರೇಕಂತೆ!

“ಮುರೀತೀನಿ ಅಂತ ಅದೇ ಬರ್ಕೊಂಡೈತೆ. ಇದ್ರಾಗೆ ನಾನು ಹತ್ತಾಕಿಲ್ಲ” ಎಂದರು.

“ಪೆದ್ದಾಯನಾ, ಎಕ್ಕುತಾವಾ ಲೇದಾ?” ಎಂದು ಡ್ರೈವರು ತೆಲುಗಿನಲ್ಲಿ ಗದರಿದ, ಯಜಮಾನಾ, ಹತ್ತುತ್ತೀಯೋ ಇಲ್ಲವೋ ಅಂತ. ಚಿಕ್ಕಪ್ಪ ಅವನನ್ನು ಕೆಳಗಿಳಿಸಿ ಎರಡು ಬ್ರೇಕುಗಳ ವ್ಯತ್ಯಾಸ ಹೇಳಲು ಶುರು ಮಾಡಿದರು. ಬುಟ್ಟಿಯಲ್ಲಿದ್ದ ಕೋಳಿ ಕೂಗಿತು, ಮಗು ಅತ್ತಿತು, ಮೇಲೆ ಕೂತವರು ಬೈದರು. ಚಿಕ್ಕಮ್ಮ ಸೆರಗು ಮುಖಕ್ಕೆ ಅಡ್ಡ ಹಿಡಿದು, “ನಡಿಯಪ್ಪಾ, ನೀನು ಬಿಡು. ಅವ್ರು ಎಂಗಾನಾ ಬತ್ತಾರೆ” ಎಂದಳು. ಜೀಪು ಹೊರಟಿತು.

ಗೃಹಪ್ರವೇಶ ಮುಗಿಯಿತು, ಊಟವಾಯಿತು, ಎಲೆಯಡಿಕೆ ಹಾಕಿಕೊಂಡಿದ್ದಾಯಿತು. ಚಿಕ್ಕಪ್ಪ ಮಾತ್ರ ಇಲ್ಲ. ಕೊನೆಗೆ ಸಂಜೆಯ ಹೊತ್ತಿಗೆ ಫೋನು ಬಂತು, ರಾಯದುರ್ಗದಿಂದ! ಹಿಂದೆ ಬಂದ ಜೀಪಿನಲ್ಲಿ ಬ್ರೇಕ್ ಸರಿಯಾಗಿ ಬರೆದಿತ್ತಂತೆ, ಸಂತೋಷದಿಂದ ಹತ್ತಿದರಂತೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದನ್ನು ಮರೆತಿದ್ದರು.

ಇಂಥ ಮನುಷ್ಯನ ಜೊತೆ ಬಾಳಿದವಳು ನಮ್ಮ ಚಿಕ್ಕಮ್ಮ. ಮಕ್ಕಳಿಲ್ಲದ ಆ ಮನೆಯಲ್ಲೇ ನಾನು ಬೆಳೆದೆ. ನಮ್ಮ ಹಳ್ಳಿಯಲ್ಲಿ ದೊಡ್ಡ ಶಾಲೆ ಇಲ್ಲದ್ದರಿಂದ ನಮ್ಮಪ್ಪ ನನ್ನನ್ನು ಅಲ್ಲಿ ಬಿಟ್ಟಿದ್ದರು. ನನಗೆ ಜಡೆ ಹಾಕಿದ್ದು, ಸೂಜಿಗೆ ದಾರ ಪೋಣಿಸಲು ಕಲಿಸಿದ್ದು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತದ್ದು ಎಲ್ಲ ಅವಳೇ. ಹಾಗಾಗಿ ಊರಿನವರನ್ನು ತಿದ್ದಿದ್ದಕ್ಕೆ ನನಗೆ ಬಂದ ಸಿಟ್ಟು ಒಂದು ತೂಕವಾದರೆ, ಅವಳನ್ನು ತಿದ್ದಿದ್ದಕ್ಕೆ ಬಂದ ಸಿಟ್ಟು ಇನ್ನೊಂದೇ ತೂಕದ್ದು. ಅವಳು ಎಲ್ಲ ಹಳ್ಳಿಯವರಂತೆ ‘ಕಾಪಿ’ ಎನ್ನುತ್ತಿದ್ದಳು. ಬೆಳಗ್ಗೆ ಲೋಟ ಮುಂದೆ ಹಿಡಿದರೆ ಚಿಕ್ಕಪ್ಪ ಕೈ ಚಾಚುತ್ತಿರಲಿಲ್ಲ.

“ಕಾಪಿ ಅಂದ್ರೆ ನಕಲು. ಕುಡಿಯಾದು ಕಾಫಿ. ಫಿ ಅನ್ನು, ಇಸ್ಕಂತೀನಿ.”

“ಫಿ ಅಂದ್ರೆ ಬಾಯಾಗಿಂದ ಬರೀ ಗಾಳಿ ಹೋಗ್ತೈತೆ ಕಣ್ರೀ. ಬೇಕಾದ್ರೆ ಕುಡೀರಿ, ಇಲ್ದಿದ್ರೆ ಎಮ್ಮೆ ಕಲಗಚ್ಚಿಗೆ ಹಾಕ್ತೀನಿ.”

ಎಷ್ಟೋ ಸಲ ಹಾಕಿದ್ದಾಳೆ ಕೂಡ! ಆ ಎಮ್ಮೆ ಹಾಲು ಕೊಡುವಾಗ ಬಾಲ ಬೀಸುವುದೂ ಮರೆತು ಕಣ್ಣು ಬಿಟ್ಟುಕೊಂಡು ನಿಲ್ಲುತ್ತಿತ್ತು. ಆದರೆ ನನಗೆ ನಗು ಬರುತ್ತಿರಲಿಲ್ಲ. ಚಿಕ್ಕಮ್ಮ ಬರಬರುತ್ತಾ ಅವರೆದುರು ಮಾತನ್ನೇ ಕಡಿಮೆ ಮಾಡಿದ್ದಳು. ಬಾಯಿ ಬಿಟ್ಟರೆ ತಪ್ಪು ಹುಡುಕುವವರ ಮುಂದೆ ಯಾರಿಗೆ ಮಾತು ಬೇಕು ಹೇಳಿ? ಇಷ್ಟು ಗಟ್ಟಿಗಿತ್ತಿಗೆ ಇಂಥ ಗಂಡ ಯಾಕೆ ಗಂಟುಬಿದ್ದನೋ ಎಂದು ಹೊಲಿಗೆ ಹಾಕುತ್ತಾ ಎಷ್ಟು ಸಲ ಶಪಿಸಿದ್ದೇನೋ.

ಹೋದ ವರ್ಷ ಶ್ರಾವಣ ಕಳೆಯುತ್ತಲೇ ಚಿಕ್ಕಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಅನಂತಪುರದ ಆಸ್ಪತ್ರೆಗೆ ನಾನೂ ಓಡಿದೆ. ದಿನ ಕಳೆದಂತೆ ಕೈ ಸ್ವಲ್ಪ ಅಲ್ಲಾಡಿತು, ಮಾತೂ ಬಂತು. ಆದರೆ ಬಂದ ಮಾತು ಒಂದರ ಜಾಗಕ್ಕೆ ಇನ್ನೊಂದು. “ಮನಸ್ಸಿನಲ್ಲಿ ಸರಿಯಾಗಿಯೇ ಇರುತ್ತದೆ, ಬಾಯಿಗೆ ಬರುವಷ್ಟರಲ್ಲಿ ಪದ ಬೇರೆಯಾಗುತ್ತದೆ. ಬೇಗ ಸರಿಹೋಗಬಹುದು, ಹೀಗೇ ಉಳಿಯಲೂಬಹುದು” ಎಂದರು ಡಾಕ್ಟರು. ನಾನು ತಿರುಗಿ ನೋಡಿದೆ. ಆ ಕಡೆ ಗೋಡೆಗೆ ಒರಗಿ ಚಿಕ್ಕಪ್ಪ ನಿಂತಿದ್ದರು. ಒಂದು ಅಕ್ಷರ ಆಚೀಚೆಯಾದರೆ ಸ್ಟೂಲು ಹತ್ತುವ ಮನುಷ್ಯ! ಪದಕ್ಕೆ ಪದವೇ ತಪ್ಪುವ ಈ ಹೆಂಗಸು ಇನ್ನು ಅವರ ಕೈಯಲ್ಲಿ ಏನಾಗಬೇಕು? ಬದುಕಿ ಬಂದವಳನ್ನು ತಿದ್ದಿ ತಿದ್ದಿಯೇ ಕೊಲ್ಲುತ್ತಾರೆ ಎಂದುಕೊಂಡೆ.

ದಸರೆಯ ಹೊಲಿಗೆ ಮುಗಿಸಿದವಳೇ ಒಂದು ಕಾರು ಗೊತ್ತುಮಾಡಿಕೊಂಡು ಕಲ್ಯಾಣದುರ್ಗಕ್ಕೆ ಹೊರಟೆ. ಚಿಕ್ಕಮ್ಮನನ್ನು ಹಿಂದೂಪುರಕ್ಕೆ ಕರೆತರುವುದು, ನನ್ನ ಮನೆಯಲ್ಲೇ ಇಟ್ಟುಕೊಳ್ಳುವುದು, ಚಿಕ್ಕಪ್ಪ ತಕರಾರು ತೆಗೆದರೆ ಇಷ್ಟು ವರ್ಷದ್ದನ್ನೆಲ್ಲ ಅವರ ಮುಖಕ್ಕೇ ಹೇಳುವುದು. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡೇ ಹೋದೆ.

ಚಿಕ್ಕಮ್ಮ ನಡುಮನೆಯ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ತಲೆ ಬಾಚಿತ್ತು. ಬೈತಲೆ ಮಾತ್ರ ಸೊಟ್ಟ. ನನ್ನನ್ನು ಕಂಡು ಕಣ್ಣರಳಿಸಿ ಎಡಗೈಯಿಂದ ನನ್ನ ಕೆನ್ನೆ ಸವರಿದಳು. ಆಮೇಲೆ ಬಾಯಿ ಒಣಗಿತೇನೋ, ಸುತ್ತ ನೋಡುತ್ತಾ, “ಬೀಗ... ಬೀಗ ಕೊಡು” ಎಂದಳು.

ನಾನು ಬಾಗಿಲಿನ ಕಡೆ ನೋಡಿದೆ. ಅಷ್ಟರಲ್ಲಿ ಚಿಕ್ಕಪ್ಪ ಅಡಿಗೆಮನೆಯಿಂದ ಚೊಂಬು ತಂದು ಲೋಟಕ್ಕೆ ನೀರು ಬಗ್ಗಿಸಿ ಅವಳ ತುಟಿಗೆ ಹಿಡಿದರು. ಅವಳು ಗಟಗಟ ಕುಡಿದಳು. ಡಾಕ್ಟರು ಮಾತಿನ ಅಭ್ಯಾಸ ಮಾಡಿಸಿ ಅಂದದ್ದು ನನಗೆ ನೆನಪಾಯಿತು. ಪಕ್ಕದಲ್ಲಿ ಕೂತು, “ಚಿಕ್ಕಮ್ಮಾ, ಅದು ಬೀಗ ಅಲ್ಲ, ನೀರು. ಎಲ್ಲಿ, ನೀ...ರು ಅನ್ನು ನೋಡಾಣ” ಎಂದೆ. ಅವಳ ಮುಖ ಸಣ್ಣದಾಯಿತು. ಗೋಡೆಯ ಕಡೆ ತಿರುಗಿಬಿಟ್ಟಳು.

“ಬಾ ಈಚೆ” ಎಂದರು ಚಿಕ್ಕಪ್ಪ. ಜಗಲಿಗೆ ಕರೆದುಕೊಂಡು ಬಂದು, ಬಾಗಿಲು ಎಳೆದುಕೊಂಡು, ಗದರಿದರು. “ಯಾರು ನಿಂಗೆ ತಿದ್ದು ಅಂದಿದ್ದು?”

ಕೇಳಿದಿರಾ? ಈ ಮಾತನ್ನು ನನಗೆ ಹೇಳುತ್ತಿರುವವರು ಯಾರು! ನಾನು ಜೋಡಿಸಿಕೊಂಡು ಬಂದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. “ಚಿಕ್ಕಪ್ಪಾ, ಊರನ್ನೆಲ್ಲ ತಿದ್ದಿದೋರು ನೀವು...”

“ಹ್ಞೂಂ, ಇವ್ಳನ್ನೂ ತಿದ್ದಿದೆ. ಆಸ್ಪತ್ರೆಯಿಂದ ಬಂದ ಹೊಸದ್ರಾಗೆ. ಬೀಗ ಅಂದ್ಲು, ನೀರು ಅನ್ನು ಅಂದೆ. ಅನ್ನಾಕೆ ಆಗ್ಲಿಲ್ಲ. ನಾನು ಬಿಡ್ಲಿಲ್ಲ, ಅನ್ನು, ಅನ್ನು ಅಂದೆ. ಆಮ್ಯಾಕೆ ಬಾಯೇ ಬಿಡ್ಲಿಲ್ಲ ಕಣಮ್ಮಾ. ಹಸಿವಾದ್ರೂ ಇಲ್ಲ, ನೋವಾದ್ರೂ ಇಲ್ಲ. ಅವ್ಳ ಸದ್ದಿಲ್ದೆ ಈ ಮನೇಲಿ ನಂಗೆ ಉಸ್ರು ಕಟ್ಟೋದಂಗಾಯ್ತು.” ಚಿಕ್ಕಪ್ಪ ಪಂಚೆಯ ಚುಂಗಿನಿಂದ ಮೂಗು ಒರೆಸಿಕೊಂಡರು. “ಕೊನೀಗೆ ನಾನೇ ಅವ್ಳ ಮುಂದೆ ಕುಂತ್ಕಂಡು, ‘ನಂಗೂ ವಸಿ ಬೀಗ ಕೊಡೇ, ಬಾಯಾರೈತೆ’ ಅಂದೆ. ನಕ್ಬುಟ್ಲು. ಅವತ್ತಿಂದ ಮಾತಾಡ್ತಾವ್ಳೆ. ಈಗ ಈ ಮನೇಲಿ ನೀರು ಅನ್ನಾದಿಲ್ಲ. ನೀನೂ ಇಲ್ಲಿರಾಗಂಟ ಅನ್ಬ್ಯಾಡ.”

ಅಷ್ಟಕ್ಕೆ ಬಿಟ್ಟರೇ? ಬಿಟ್ಟರೆ ಅವರು ನಮ್ಮ ಚಿಕ್ಕಪ್ಪ ಹೇಗಾಗುತ್ತಾರೆ! ಜಗಲಿಯ ಮೇಲೆ ಕೂರಿಸಿಕೊಂಡು ನನಗೆ ಪಾಠ ಶುರು ಮಾಡಿದರು. ದುಪ್ಪಟಿಗೆ ಭಾನುವಾರ ಅನ್ನಬೇಕು. ಅನ್ನಕ್ಕೆ ಕಿಟಕಿ. ಮೆತ್ತಗೆ ಬೆಂದಿದ್ದರೆ ಒಳ್ಳೇ ಕಿಟಕಿ. ಫ್ಯಾನಿಗೆ ಸೊಸೆ. ‘ಸೊಸೆ ಜೋರಾಯ್ತು’ ಎಂದರೆ ಹೋಗಿ ಸ್ವಲ್ಪ ಕಡಿಮೆ ಮಾಡಬೇಕು. ಪಾಠ ಮುಗಿಸಿ ಪರೀಕ್ಷೆಯನ್ನೂ ಇಟ್ಟರು.

“ಚಳಿ ಆಗ್ತೈತೆ ಅಂದ್ರೆ ಏನು ಹೊದಿಸ್ತೀಯ?”

“ದುಪ್ಪ...”

“ತಪ್ಪು!”

“ಭಾನುವಾರ.”

“ಆಂ, ಸರಿ. ಸೊಸೆ ನಿಲ್ಲಿಸಿ ಭಾನುವಾರ ಹೊದಿಸ್ಬೇಕು” ಎಂದು ತಲೆಯಾಡಿಸಿದರು. ಆ ಮುಖದ ಮೇಲಿನ ಗತ್ತು ಏನೇನೂ ಕಡಿಮೆಯಾಗಿರಲಿಲ್ಲ. ಮೊದಲ ಸಲ ಅದನ್ನು ನೋಡಿ ನನಗೆ ಸಿಟ್ಟು ಬರಲಿಲ್ಲ. ಹೊರಗೆ ಕಾರಿನವನು ಇನ್ನೂ ಎಷ್ಟು ಹೊತ್ತು ಎಂದು ಕೈಸನ್ನೆ ಮಾಡಿದ. ನಾನು ಅವನ ಹತ್ತಿರ ಹೋಗಿ, ‘ಊಟ ಮಾಡಿಕೊಂಡು ಬಾ, ಸಾಯಂಕಾಲ ನಾನೊಬ್ಬಳೇ ಬರುವುದು’ ಎಂದೆ.

ತಿರುಗಿ ಬರುವಾಗ ಒಳಗಿನಿಂದ ಚಿಕ್ಕಮ್ಮ ಕೂಗಿದಳು. “ಅವ್ವಾ... ಏ ಅವ್ವಾ...”

ಅವಳ ಅವ್ವ ತೀರಿಕೊಂಡು ಎಷ್ಟು ಕಾಲವಾಯಿತೋ, ನಾನು ಕಂಡವಳೂ ಅಲ್ಲ. “ಅವ್ವನ್ನ ನೆನೆಸ್ಕೊತಾವ್ಳಾ ಚಿಕ್ಕಪ್ಪಾ?” ಎಂದೆ.

“ಊಹೂಂ. ಅದು ನಾನು” ಎಂದರು ಚಿಕ್ಕಪ್ಪ. ಮಂಡಿಗೆ ಕೈಯೂರಿ ಎದ್ದು, ಪಂಚೆ ಎತ್ತಿ ಕಟ್ಟಿಕೊಂಡು, ಬಾಗಿಲ ಕಡೆ ತಿರುಗಿ ಓಗೊಟ್ಟರು.

“ಬಂದೆ ಇರು ಮಗಾ!”